ಎಡಗಡೆಯ ಮಸುಕು

ಮುಂಬೈಯ ಫಿಲ್ಮನ್ನು ನನ್ನ ಮೇಜಿನ ಮೇಲೆ ತಂದಿಟ್ಟವರು ರೋಗಿಯೇ. ಒಂದು ಕೈಯಲ್ಲಿ ಉದ್ದನೆಯ ಕಂದು ಲಕೋಟೆ ಹಿಡಿದು, ಇನ್ನೊಂದು ಅಂಗೈಯನ್ನು ಬಲಪಕ್ಕೆಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಲೆಕ್ಕಾ ಮಾಡೂ ಬಾಯಾರು ನೀವೇನ್ರಿ?"

ಹೌದೆಂದೆ.

"ಡಾಕ್ಟರ್ ಸಾಹೇಬ್ರು ಅಂದ್ರು, ಕರಂಟ ಕೊಡವ ನಾನು, ಖರೆ ಎಷ್ಟ ಕೊಡಬೇಕು, ಎಲ್ಲಿಂದ ಕೊಡಬೇಕು ಅನ್ನೂದು ಆ ಬಾಯಾರ ಕೈಯಾಗ ಐತಿ ಅಂತ. ಅದಕ್ಕ ಮದಲ ನಿಮ್ಮ ಮಾರಿ ನೋಡೂಣು ಅಂತ ಬಂದೆ."

ಐವತ್ತರ ಆಸುಪಾಸಿನ ಸಣ್ಣ ಮೈಕಟ್ಟಿನ ಹೆಂಗಸು. ಬಬಲೇಶ್ವರದಲ್ಲಿ ಇಪ್ಪತ್ತೈದು ವರ್ಷದಿಂದ ಸರ್ಕಾರಿ ಸೂಲಗಿತ್ತಿ ನರ್ಸ್. ಜೈನಾಪುರದಿಂದ ಹಿಡಿದು ಸುತ್ತಲಿನ ಊರುಗಳಲ್ಲಿ ಎಲ್ಲರಿಗೂ ಅವರು ನರ್ಸಬಾಯಿ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳನ್ನು ತಿಕೋಟಾಕ್ಕೆ ಕೊಟ್ಟಿದ್ದರು. ಆ ಮಗಳು ಆಗ ಏಳು ತಿಂಗಳ ಬಸುರಿ.

"ಚೊಚ್ಚಲ ಐತ್ರಿ. ಆಕಿ ಬಾಣಂತನ ನಾನ ಮಾಡಬೇಕು. ಅಷ್ಟರೊಳಗ ನನ್ನ ಎಬ್ಬಿಸಿ ಕೂಡಸ್ರಿ, ಸಾಕು," ಎಂದರು. ಬೇಡಿಕೆಯ ದನಿಯಲ್ಲ, ಅಂಗಡಿಯವನಿಗೆ ಸಾಮಾನಿನ ಯಾದಿ ಹೇಳುವ ದನಿ.

ಎಪ್ಪತ್ತರ ದಶಕದ ನಡುವಿನ ಮಾತು. ವಿಜಯಪುರವನ್ನು ನಾವೆಲ್ಲ ಆಗ ವಿಜಾಪುರ ಎನ್ನುತ್ತಿದ್ದೆವು. ನಾನು ಕೆಲಸಕ್ಕಿದ್ದ ಧರ್ಮಾರ್ಥ ಆಸ್ಪತ್ರೆಗೆ, ರೋಗಿಗಳು ಕರಂಟ ಎನ್ನುತ್ತಿದ್ದ ಕಿರಣವನ್ನು ಕ್ಯಾನ್ಸರಿಗೆ ಕೊಡುವ ಕೋಬಾಲ್ಟ್ ಯಂತ್ರ ಬಂದು ಒಂದೇ ವರ್ಷವಾಗಿತ್ತು. ದಪ್ಪ ಗೋಡೆಯ ಒಂದು ಕೋಣೆ, ಸೀಸದ ತಲೆಯೊಳಗೆ ಕೋಬಾಲ್ಟ್ ಇಟ್ಟುಕೊಂಡ ಯಂತ್ರ, ಹೊರಗೆ ಗಡಿಯಾರದ ಫಲಕ. ಕಿರಣದ ಡಾಕ್ಟರು, ಯಂತ್ರ ನಡೆಸುವ ಟೆಕ್ನಿಷಿಯನ್, ಮತ್ತು ಭೌತಶಾಸ್ತ್ರ ಓದಿಕೊಂಡು ಬಂದಿದ್ದ ನಾನು, ಮೂರೇ ಜನ. ಗಾಂಧಿ ಚೌಕದ ಹಿಂದಿನ ಓಣಿಯಿಂದ ಸೈಕಲ್ ರಿಕ್ಷಾದಲ್ಲಿ ದಿನಾ ಬರುತ್ತಿದ್ದ ನಾನು, ಮುಸಲ್ಮಾನರ ಮನೆಯ ಹುಡುಗಿ, ಅಲ್ಲಿ ಏನು ಮಾಡುತ್ತೇನೆಂದು ಆಸ್ಪತ್ರೆಯಲ್ಲೇ ಅರ್ಧ ಜನಕ್ಕೆ ಗೊತ್ತಿರಲಿಲ್ಲ.

ಲಕೋಟೆ ಬಿಚ್ಚಿ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅದು ಎಕ್ಸ್-ರೇ ಅಲ್ಲ. ಕಿರಣ ಸೂಸುವ ಔಷಧವನ್ನು ಚೂರೇ ಚೂರು ನರಕ್ಕೆ ಕೊಟ್ಟರೆ ಆರೋಗ್ಯವಂತ ಯಕೃತ್ತು ಅದನ್ನು ಹೀರಿಕೊಳ್ಳುತ್ತದೆ. ಯಂತ್ರವೊಂದು ಹೊಟ್ಟೆಯ ಮೇಲೆ ಸಾಲುಸಾಲಾಗಿ ಓಡಾಡಿ, ಎಲ್ಲಿ ಎಷ್ಟು ಹೀರಿದೆ ಎಂಬುದನ್ನು ಚುಕ್ಕೆಗಳಲ್ಲಿ ಬರೆಯುತ್ತದೆ. ಗಡ್ಡೆ ಹೀರುವುದಿಲ್ಲ. ಆದ್ದರಿಂದ ಗಡ್ಡೆಯಿದ್ದಲ್ಲಿ ಚುಕ್ಕೆಗಳಿಲ್ಲದ ಖಾಲಿ ಜಾಗ ಉಳಿಯುತ್ತದೆ. ನಮ್ಮಲ್ಲಿ ಆ ಯಂತ್ರವಿರಲಿಲ್ಲ. ನರ್ಸಬಾಯಿ ಸೋಲಾಪುರಕ್ಕೆ ಹೋಗಿ, ಅಲ್ಲಿಂದ ಮುಂಬೈ ರೈಲು ಹತ್ತಿ, ಪಕ್ಕೆ ಹಿಡಿದುಕೊಂಡೇ ಆ ಚಿತ್ರ ತೆಗೆಸಿಕೊಂಡು ಬಂದಿದ್ದರು.

ಬಲಭಾಗದಲ್ಲಿ ಒಂದು ದೊಡ್ಡ ಖಾಲಿ ಜಾಗ, ಅಂಚು ಚೊಕ್ಕಟ. ಎಡಭಾಗ ತುಂಬಿಕೊಂಡಿತ್ತು. ಎಡದ ನಡುವೆ ಕಿರುಬೆರಳ ಉಗುರಿನಷ್ಟು ಜಾಗದಲ್ಲಿ ಚುಕ್ಕೆಗಳು ಸ್ವಲ್ಪ ವಿರಳವಾಗಿದ್ದವು. ನಾನದನ್ನು ನೋಡಿದೆ. ಮುಂಬೈಯವರ ವರದಿಯಲ್ಲಿ ಅದರ ಮಾತಿರಲಿಲ್ಲ. ಬೆನ್ನುಮೂಳೆಯ ಮುಂದೆ ಯಕೃತ್ತು ತೆಳುವಾಗಿರುತ್ತದೆ, ಅಲ್ಲಿ ಹೀಗೆ ಮಸುಕಾಗುವುದು ಸಹಜ ಎಂದು ನಾನು ಕಲಿತಿದ್ದೆ. ಹಾಗಿರಬಹುದು ಎಂದುಕೊಂಡೆ. 'ಇರಬಹುದು' ಎಂಬುದು ನನ್ನ ತಲೆಯಲ್ಲಿ 'ಇದೆ' ಎಂದಾದದ್ದು ಯಾವಾಗ ಎಂದು ಇವತ್ತಿಗೂ ಹೇಳಲಾರೆ. ಟ್ರೇಸಿಂಗ್ ಕಾಗದ ಹಾಸಿ ಯಕೃತ್ತಿನ ಗಡಿ ಎಳೆದೆ, ಗಡ್ಡೆಯ ಗಡಿ ಎಳೆದೆ. ಎಡದ ಮಸುಕನ್ನು ಎಳೆಯಲಿಲ್ಲ.

ಮಧ್ಯಾಹ್ನ ಡಾಕ್ಟರು ಬಂದು ಟ್ರೇಸಿಂಗ್ ನೋಡಿದರು. ಮುಂಬೈಯಲ್ಲಿ ದೊಡ್ಡವರ ಕೈಕೆಳಗೆ ಕಲಿತು ಬಂದವರು, ಮಾತು ಕಡಿಮೆ. ಸೂಜಿ ಹಾಕಿ ತೆಗೆದ ತುಣುಕಿನಲ್ಲಿ ಕ್ಯಾನ್ಸರ್ ಎಂದು ಆಗಲೇ ಗೊತ್ತಾಗಿತ್ತು. ಕೊಯ್ದು ತೆಗೆಯುವಂತಿಲ್ಲ ಎಂದು ಮಿರಜಿನ ಸರ್ಜನ್ ಕೈಬಿಟ್ಟಿದ್ದರು.

"ಇಡೀ ಲಿವರಿಗೆ ಕೊಟ್ಟರ ಎರಡೂವರೆ ಸಾವಿರ ರ್ಯಾಡಿನ ಆಚೆ ಹೋಗಾಕ ಬರೂದಿಲ್ಲ," ಎಂದರು. ರ್ಯಾಡ್ ಎಂದರೆ ಆಗ ನಾವು ಕಿರಣ ಅಳೆಯುತ್ತಿದ್ದ ಮಾನ. "ಅಷ್ಟಕ್ಕ ಗಡ್ಡಿ ಅಂಜೂದಿಲ್ಲ. ಬ್ಯಾನಿ ಕಡಿಮಿ ಆದೀತು, ಅಷ್ಟ. ಐದ ಸಾವಿರ ಮುಟ್ಟಿಸಬೇಕು. ಬಲಕ್ಕ ಅಷ್ಟೂ ಹೋಗಬೇಕು, ಎಡಕ್ಕ ಏನೂ ಆಗಬಾರದು. ಆಕಿ ಬದಕೂದು ಎಡಗಡೆ ತುಣುಕಿನ ಮ್ಯಾಲ. ಆಗತೈತೇನು?"

"ನೋಡ್ತೇನ್ರಿ."

"ನೋಡಬ್ಯಾಡ್ರಿ, ಮಾಡ್ರಿ. ನಮ್ಮ ಕಡೆ ಯಾರೂ ಇದನ್ನ ಮಾಡಿಲ್ಲ."

ಆ ಕೊನೆಯ ಮಾತು ನನಗೆ ಹಿತವಾಯಿತು. ಅದನ್ನು ಬಚ್ಚಿಡುವುದಿಲ್ಲ.

ಮರುದಿನ ಅಳತೆ. ಬಾಗುವ ಸೀಸದ ಪಟ್ಟಿಯನ್ನು ಹೊಟ್ಟೆಯ ಸುತ್ತ ಚರ್ಮಕ್ಕೆ ಅಂಟುವಂತೆ ಬಾಗಿಸಿ, ಆಕಾರ ಕೆಡದಂತೆ ಬಿಡಿಸಿ, ದೊಡ್ಡ ಹಾಳೆಯ ಮೇಲಿಟ್ಟು ಪೆನ್ಸಿಲ್ಲಿನಿಂದ ಗೆರೆ ಎಳೆಯಬೇಕು. ಆ ದಿನಗಳಲ್ಲಿ ಮನುಷ್ಯನ ಅಡ್ಡ ಸೀಳು ನೋಡಲು ನಮಗಿದ್ದ ದಾರಿ ಅದೊಂದೇ. ಒಳಗಿನದನ್ನು ಫಿಲ್ಮಿನಿಂದ, ಎಕ್ಸ್-ರೇಯಿಂದ, ಅಂಗರಚನೆಯ ಪುಸ್ತಕದಿಂದ ಊಹಿಸಿ ತುಂಬುತ್ತಿದ್ದೆವು. ಹಿಂದೆ ಮೂತ್ರಪಿಂಡ, ನಡುವೆ ಬೆನ್ನುಹುರಿ, ಎಡಕ್ಕೆ ಜಠರ. ನಾನು ಅಳೆಯುವಾಗ ನರ್ಸಬಾಯಿ ನೋವಿಗೆ ಹೊಟ್ಟೆ ಬಿಗಿಹಿಡಿದಿದ್ದರು. ಮುಟ್ಟಿದರೆ ಹಲಗೆ. ಡಾಕ್ಟರೂ ಪರೀಕ್ಷೆ ಮಾಡಲು ಹೋಗಿ ಬಲಪಕ್ಕೆಯ ಕೆಳಗೆ ಒಂದಿಷ್ಟು ಒತ್ತಿ, ಅವರು ಚೀರಿದ ಮೇಲೆ ಕೈ ತೆಗೆದಿದ್ದರು.

ಆರು ದಿನ ಅದೇ ಹಾಳೆಯ ಮುಂದೆ ಕುಳಿತೆ. ಕಿರಣ ಒಳಗೆ ಹೋದಂತೆ ಅದರ ಬಲ ಹೇಗೆ ಇಳಿಯುತ್ತದೆಂದು ತೋರಿಸುವ ಗೆರೆಗಳ ಹಾಳೆಗಳಿದ್ದವು. ಅವನ್ನು ಮುಂದಿನಿಂದ ಒಂದು, ಪಕ್ಕದಿಂದ ಒಂದು ಹಾಸಿ, ಗೆರೆಗಳು ಕೂಡುವ ಪ್ರತಿಯೊಂದು ಜಾಗದಲ್ಲಿ ಎರಡೂ ಅಂಕಿಗಳನ್ನು ಕೂಡಿಸಬೇಕು. ಬರೀ ಎದುರು-ಬೆನ್ನು ಕಿರಣ ಕೊಟ್ಟರೆ ಮೂತ್ರಪಿಂಡ ಸುಡುತ್ತಿತ್ತು. ಮುಂದೆ ಮತ್ತು ಬಲಪಕ್ಕ ಎಂದು ತಿರುಗಿಸಿದರೆ ಮೂಲೆಯೊಂದರಲ್ಲಿ ಪ್ರಮಾಣ ಉಕ್ಕುತ್ತಿತ್ತು. ಅದಕ್ಕೆ ಕಿರಣದ ದಾರಿಗೆ ಸೀಸದ ಬೆಣೆ ಅಡ್ಡ ಇಟ್ಟು, ದಪ್ಪ ಕಡೆಯಿಂದ ಕಡಿಮೆ, ತೆಳು ಕಡೆಯಿಂದ ಹೆಚ್ಚು ಹೋಗುವಂತೆ ಮಾಡಿದೆ. ಮೊದಲ ಯೋಜನೆಯಲ್ಲಿ ಎಡಭಾಗಕ್ಕೆ ಎರಡು ಸಾವಿರ ಬಿತ್ತು. ಹರಿದು ಹಾಕಿದೆ. ಬೆಣೆ ತಿರುಗಿಸಿದೆ, ಕೋನ ಬದಲಿಸಿದೆ. ಆರನೆಯ ದಿನ ಗಡ್ಡೆಯ ಸುತ್ತ ಐದು ಸಾವಿರದ ಗೆರೆ ಕೂಡಿ ಬಂತು. ಎಡಭಾಗದ ಬಹುಪಾಲು ಎಂಟುನೂರರ ಒಳಗೆ.

ಅಷ್ಟು ಅಚ್ಚುಕಟ್ಟಾದ ಯೋಜನೆಯನ್ನು ನಾನು ಅಲ್ಲಿಯವರೆಗೆ ಮಾಡಿರಲಿಲ್ಲ. ಡಾಕ್ಟರು ಹಾಳೆಯನ್ನು ಬಹಳ ಹೊತ್ತು ನೋಡಿ, "ಛಲೋ ಆಗೇತಿ," ಎಂದರು.

ಕೊಡುವುದಕ್ಕೆ ಮೊದಲು ಇನ್ನೊಂದು ತೊಡಕು ಕಂಡಿತು. ಎಕ್ಸ್-ರೇ ಪರದೆಯ ಹಿಂದೆ ಮಲಗಿಸಿ ನೋಡಿದರೆ, ಉಸಿರು ತೆಗೆದುಕೊಂಡಾಗ ಯಕೃತ್ತು ಎರಡು ಬೆರಳಷ್ಟು ಕೆಳಗಿಳಿಯುತ್ತಿತ್ತು. ನನ್ನ ಗೆರೆಗಳು ಕಾಗದದ ಮೇಲೆ ನಿಂತಲ್ಲೇ ನಿಂತಿದ್ದವು. ಗಡ್ಡೆ ಓಡಾಡುತ್ತಿತ್ತು. ಸಣ್ಣ ಸಣ್ಣ ಉಸಿರು ತೆಗೆದುಕೊಳ್ಳಲು ಬರುತ್ತದೆಯೇ ಎಂದು ಅವರನ್ನೇ ಕೇಳಿದೆ.

"ಏನ ಕೇಳ್ತಿ ತಂಗಿ! ಹೆರಿಗಿ ಬ್ಯಾನಿ ತಿನ್ನಾವ್ರಿಗೆ ನಾನ ಉಸಿರ ಹೇಳಿಕೊಡ್ತೇನಿ," ಎಂದು ಬಾಯಿ ತುಸು ತೆರೆದು, ಎದೆ ಮಾತ್ರ ಅಲುಗುವಂತೆ ಉಸಿರಾಡಿ ತೋರಿಸಿದರು. ಪರದೆಯ ಮೇಲೆ ಯಕೃತ್ತು ಹೆಚ್ಚುಕಡಿಮೆ ನಿಂತುಬಿಟ್ಟಿತು. ಟೆಕ್ನಿಷಿಯನ್ ಭಲೇ ಎಂದ. ಅವತ್ತು ನಮಗೆಲ್ಲ ಇದು ಆಗಿಯೇ ಆಗುತ್ತದೆ ಎನ್ನಿಸಿತು.

ದಿನಕ್ಕೆ ಇನ್ನೂರು ರ್ಯಾಡ್, ವಾರಕ್ಕೆ ಐದು ದಿನ, ಐದು ವಾರ. ಚರ್ಮದ ಮೇಲೆ ನೇರಳೆ ಬಣ್ಣದಿಂದ ಚೌಕ ಬರೆದು, ಅದು ಅಳಿಯದಂತೆ ಸ್ನಾನ ಬೇಡ ಎಂದೆವು. ಮೊದಲ ವಾರವೇ ಮೂರು ಸಲ ಕರೆಂಟು ಹೋಯಿತು. ಹೋದಾಗ ಕೋಬಾಲ್ಟ್ ತಾನಾಗಿ ಒಳಗೆ ಸರಿದು ಮುಚ್ಚಿಕೊಳ್ಳುತ್ತದೆ. ಆದರೆ ಎಷ್ಟು ಸೆಕೆಂಡು ಕೊಟ್ಟಾಗಿತ್ತು ಎಂಬುದನ್ನು ಕೈಗಡಿಯಾರದಿಂದ ಹಿಡಿದುಕೊಂಡು, ಉಳಿದದ್ದನ್ನು ಕರೆಂಟು ಬಂದ ಮೇಲೆ ಕೊಡಬೇಕು. ಅಲ್ಲಿಯವರೆಗೆ ಅವರು ಕದಲುವಂತಿಲ್ಲ. ಒಮ್ಮೆ ಮುಕ್ಕಾಲು ಗಂಟೆ ಆ ಗಟ್ಟಿ ಹಲಗೆಯ ಮೇಲೆ ಹಾಗೇ ಮಲಗಿದ್ದರು. ನಾನು ಪಕ್ಕದಲ್ಲಿ ನಿಂತು ಬೀಸಣಿಗೆ ಬೀಸಿದೆ. ಮಗಳ ವಿಷಯ ಹೇಳಿದರು. ಶಾಲೆಯಲ್ಲಿ ಜಾಣೆಯಾಗಿದ್ದಳಂತೆ, ನರ್ಸಿಂಗಿಗೆ ಕಳಿಸಬೇಕೆಂದಿದ್ದರಂತೆ, ಅವಳಿಗೆ ರಕ್ತ ಕಂಡರೆ ತಲೆ ತಿರುಗುತ್ತಿತ್ತಂತೆ.

"ನನ್ನ ಹೊಟ್ಟ್ಯಾಗ ಹುಟ್ಟಿ ರಕ್ತಕ್ಕ ಅಂಜ್ತಾಳ ನೋಡು," ಎಂದು ನಕ್ಕರು. ನಕ್ಕದ್ದಕ್ಕೆ ಪಕ್ಕೆ ಹಿಡಿದುಕೊಂಡಿತು.

ಎರಡನೆಯ ವಾರ ವಾಂತಿ ಶುರುವಾಯಿತು. ಆದರೆ ನೋವು ಇಳಿಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಮೊದಲ ಸಲ ಬಲಮಗ್ಗುಲಿಗೆ ತಿರುಗಿ ಮಲಗಿದೆ ಎಂದರು. ಹೊಟ್ಟೆಯ ಬಿಗಿ ಸಡಿಲವಾಗಿತ್ತು. ಡಾಕ್ಟರು ಮುಂಬೈಯ ತಮ್ಮ ಗುರುಗಳಿಗೆ ಪತ್ರ ಬರೆದರು, ನನ್ನ ಯೋಜನೆಯ ಹಾಳೆಯ ನಕಲನ್ನೂ ಜೊತೆಗಿಟ್ಟು.

ಹತ್ತನೆಯ ದಿನ, ಎರಡು ಸಾವಿರ ರ್ಯಾಡ್ ಪೂರ್ತಿಯಾದ ದಿನ, ಹಲಗೆಯಿಂದ ಇಳಿಯದೆ ಹಾಗೇ ಮಲಗಿ ಅವರು ನನ್ನನ್ನು ಕರೆದರು.

"ತಂಗಿ, ಇಲ್ಲಿ ಕೈ ಇಡು."

ನನ್ನ ಬೆರಳು ಹಿಡಿದು ತಮ್ಮ ಎದೆಗುಳಿಯ ಕೆಳಗೆ, ನಡುವಿನಿಂದ ಸ್ವಲ್ಪ ಎಡಕ್ಕೆ ಇಟ್ಟುಕೊಂಡರು. ನಮ್ಮ ನೇರಳೆ ಚೌಕದ ಹೊರಗೆ. ಉಸಿರು ಒಳಗೆ ಎಳೆದರು.

"ಹತ್ತಿತೇನು?"

ನನ್ನ ಬೆರಳಿಗೆ ಏನೋ ಹತ್ತಿತು. ಗಜ್ಜುಗದ ಕಾಳಿನಂಥ ಗಟ್ಟಿ ಗುಂಡು, ಉಸಿರಿನ ಜೊತೆ ಇಳಿದು ಮತ್ತೆ ಮೇಲೆ ಜಾರಿತು.

"ಸ್ನಾಯು ಇದ್ದೀತು ಬಾಯಾರ," ಎಂದೆ.

"ನಾ ಇಷ್ಟ ವರ್ಷ ಹೊಟ್ಟಿ ಮುಟ್ಟಿ ನೋಡೇ ರೊಟ್ಟಿ ತಿಂದಾಕಿ. ಸ್ನಾಯು ಉಸಿರಿನ ಗುಂಟ ಓಡ್ಯಾಡೂದಿಲ್ಲ. ಇದು ಲಿವರಿಗೆ ಹತ್ತಿದ್ದು. ಮದಲ ಹೊಟ್ಟಿ ಬಿಗಿ ಇತ್ತು, ನನಗೂ ಸಿಗಲಿಲ್ಲ. ನಿನ್ನೆ ಸಿಕ್ಕೇತಿ. ಎಡಕ್ಕ ಏನ ಐತಿ?"

ಡಾಕ್ಟರನ್ನು ಕೇಳಿ ಹೇಳುತ್ತೇನೆಂದು ಹೊರಬಂದೆ. ಡಾಕ್ಟರ ಬಳಿ ಹೋಗಲಿಲ್ಲ. ನನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ ಮುಂಬೈಯ ಫಿಲ್ಮನ್ನು ತೆಗೆದೆ. ಅವರು ನನ್ನ ಬೆರಳು ಇಟ್ಟ ಜಾಗವನ್ನು ಎದೆಗುಳಿಯಿಂದ ಅಳೆದುಕೊಂಡು ಬಂದಿದ್ದೆ. ಅಳತೆಪಟ್ಟಿಯನ್ನು ಫಿಲ್ಮಿನ ಮೇಲಿಟ್ಟೆ. ಅಳತೆ ಬಂದು ನಿಂತದ್ದು ಆ ಮಸುಕಿನ ಮೇಲೆ.

ಟ್ರೇಸಿಂಗನ್ನು ಫಿಲ್ಮಿನ ಮೇಲೆ ಹಾಸಿದೆ. ನನ್ನ ಗೆರೆಗಳೊಳಗೆ ಎಡಭಾಗ ಬೆಳ್ಳಗೆ, ನಿರ್ಮಲವಾಗಿತ್ತು. ಮೂರು ವಾರ ನಾನೂ ಡಾಕ್ಟರೂ ನೋಡುತ್ತಿದ್ದದ್ದು ಈ ಕಾಗದವನ್ನೇ. ಫಿಲ್ಮು ಲಕೋಟೆಯಲ್ಲೇ ಇತ್ತು.

ಡಾಕ್ಟರ ಕೋಣೆಗೆ ಎರಡನ್ನೂ ಒಯ್ದೆ. ಒಂದರ ಪಕ್ಕ ಒಂದು ಇಟ್ಟು, ಮಸುಕಿನ ಮೇಲೆ ಪೆನ್ಸಿಲ್ ತುದಿ ಹಿಡಿದೆ.

"ಇದು ಮದಲಿನಿಂದ ಇತ್ತೇನು?"

"ಇತ್ರಿ."

"ನೀವು ನೋಡಿದ್ರೇನು?"

"ನೋಡಿದ್ದೆ. ಬೆನ್ನೆಲುಬಿನ ಕಡೆದು ಇದ್ದೀತು ಅಂತ ಬಿಟ್ಟೆ. ನಿಮಗ ಹೇಳಬೇಕಿತ್ತು."

ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ವರದಿ ಬರದವ್ರೂ ಬಿಟ್ಟಾರ," ಎಂದರು. ನನ್ನನ್ನು ಉಳಿಸಲು ಆಡಿದ ಮಾತು ಅದು. ನನಗೆ ಅದು ಹಿಡಿಸಲಿಲ್ಲ. ವರದಿ ಬರೆದವರು ನರ್ಸಬಾಯಿಯ ಹೊಟ್ಟೆಯ ಸುತ್ತ ಸೀಸದ ಪಟ್ಟಿ ಬಾಗಿಸಿರಲಿಲ್ಲ.

ಮರುದಿನ ಕಿರಣ ನಿಲ್ಲಿಸಿ ಎಡದ ಗಂಟಿಗೆ ಸೂಜಿ ಹಾಕಿದರು. ಗಾಜಿನ ಮೇಲೆ ಸವರಿದ್ದನ್ನು ಊರಿನ ಪ್ರಯೋಗಾಲಯದವರು ಎರಡು ದಿನದಲ್ಲಿ ಓದಿ ಕಳಿಸಿದರು. ಬಲಗಡೆ ಇದ್ದದ್ದೇ ಎಡಗಡೆಯೂ ಇತ್ತು. ಆರು ದಿನ ಕುಳಿತು ಬೆಣೆ ತಿರುಗಿಸಿ ತಿರುಗಿಸಿ ನಾನು ಕಾಪಾಡಿದ ತುಣುಕು ಅದು.

ಆ ಮಧ್ಯಾಹ್ನ ನಾನೂ ಡಾಕ್ಟರೂ ಹಾಳೆಯ ಮುಂದೆ ಕುಳಿತೆವು. ಚೌಕವನ್ನು ಅಗಲ ಮಾಡಿ ಎಡಕ್ಕೂ ಐದು ಸಾವಿರ ಕೊಟ್ಟರೆ ಬದುಕಿಸಲು ಯಕೃತ್ತೇ ಉಳಿಯುವುದಿಲ್ಲ. ಎಡಕ್ಕೆ ಸಣ್ಣ ಚೌಕ ಬೇರೆ ಮಾಡೋಣವೆಂದು ಲೆಕ್ಕ ಹಾಕಿದೆ. ಎರಡೂ ಚೌಕಗಳ ನೆರಳು ನಡುವೆ ಸೇರಿ, ಚೆನ್ನಾಗಿರುವ ಭಾಗದಲ್ಲಿ ಮೂರು ಸಾವಿರ ದಾಟುತ್ತಿತ್ತು. ಇನ್ನೊಂದು ಕೋನದಲ್ಲಿ ಹಾಕಿದೆ. ಅದಕ್ಕಿಂತ ಕೆಟ್ಟದಾಯಿತು.

"ಬಲಗಡೇದು ಪೂರ್ತಿ ಮಾಡೂಣು," ಎಂದರು ಡಾಕ್ಟರು. "ಗಡ್ಡಿ ಕರಗಾಕತ್ತೇತಿ. ಅರ್ಧಕ್ಕ ಬಿಟ್ಟರ ಇಷ್ಟ ದಿನ ಮಾಡಿದ್ದೆಲ್ಲಾ ನೀರಾಗ ಹೋಮ."

"ಪೂರ್ತಿ ಮಾಡಿದ್ರ ಏನ ಸಿಗತೈತ್ರಿ? ಎಡಕ್ಕ ಬೆಳಕೊಂತ ಹೋಗತೈತಿ. ಇನ್ನ ಮೂರ ವಾರ ವಾಂತಿ ಮಾಡಿಕೊಂತ ಇಲ್ಲೇ ಬಿದ್ದಿರ್ತಾರ."

"ಒಂದ ತಿಂಗಳರೆ ಹೆಚ್ಚ ಸಿಕ್ಕೀತು."

"ಆ ತಿಂಗಳು ಇಲ್ಲೇ ಹೋಗತೈತಲ್ರಿ."

ಡಾಕ್ಟರು ಎದ್ದು ಕಿಟಕಿಯ ಬಳಿ ಹೋದರು. ಅವರೂ ನನ್ನಂತೆಯೇ ಆ ಯೋಜನೆಯನ್ನು ನಂಬಿದ್ದರು. ಅಲ್ಲಿಂದಲೇ, "ರೋಗಿಗೆ ಏನೂ ಹೇಳಬ್ಯಾಡ್ರಿ. ಹೇಳೂದು ನನ್ನ ಕೆಲಸ," ಎಂದರು. ಹೇಳುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಆ ಕಾಲದಲ್ಲಿ ಡಾಕ್ಟರು ರೋಗಿಗೆ "ಆರಾಮ ಆಗತೈತಿ" ಎನ್ನುತ್ತಿದ್ದರು, ಹೊರಗೆ ಕರೆದು ಮನೆಯವರಿಗೆ ನಿಜ ಹೇಳುತ್ತಿದ್ದರು. ಈ ರೋಗಿಯ ಮನೆಯವರೆಂದರೆ ಎಂಟು ತಿಂಗಳು ತುಂಬುತ್ತಿದ್ದ ಒಬ್ಬ ಬಸುರಿ.

ಸಂಜೆ ನಾನು ವಾರ್ಡಿಗೆ ಹೋದೆ. ಹೇಳಬೇಕೆಂದು ಹೋದೆನೆ, ನೋಡಿಕೊಂಡು ಬರೋಣವೆಂದು ಹೋದೆನೆ, ನನಗೇ ಸ್ಪಷ್ಟವಿರಲಿಲ್ಲ. ಅವರು ಹಾಸಿಗೆಯ ಮೇಲೆ ಕಾಲು ಇಳಿಬಿಟ್ಟು ಕುಳಿತು ಪಕ್ಕದ ಹಾಸಿಗೆಯ ಹೆಂಗಸಿಗೆ ಕೂಸಿಗೆ ಹಾಲು ಬಿಡಿಸುವುದು ಹೇಗೆಂದು ಹೇಳುತ್ತಿದ್ದರು. ನನ್ನನ್ನು ನೋಡಿ ಮಾತು ನಿಲ್ಲಿಸಿದರು.

"ಸೂಜಿದು ಬಂತೇನು?"

"ಬಂತ್ರಿ."

"ಅದ ಐತಿ?"

"ಹೂಂ, ಅದ ಐತ್ರಿ."

ಅವರು ತಲೆ ಆಡಿಸಿದರು. ಅಷ್ಟಕ್ಕೇ ನಾನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮೂರು ವಾರದ ಹಿಂದೆ ಫಿಲ್ಮಿನಲ್ಲಿ ಅದು ಕಂಡಿತ್ತು, ಕಂಡೂ ನಾನು ಬಿಟ್ಟೆ, ಆಗಲೇ ಹೇಳಿದ್ದರೆ ಈ ಯೋಜನೆಯನ್ನೇ ಮಾಡುತ್ತಿರಲಿಲ್ಲ, ನೋವಿಗೆಂದು ನಾಲ್ಕು ದಿನ ಕೊಟ್ಟು ಮನೆಗೆ ಕಳಿಸುತ್ತಿದ್ದೆವು ಎಂದು ಎಲ್ಲವನ್ನೂ ಹೇಳಿದೆ. ಹೇಳುವಾಗ ಅವರ ಮುಖ ನೋಡಲಿಲ್ಲ. ಪಕ್ಕದ ಹಾಸಿಗೆಯ ಹೆಂಗಸು ಗೋಡೆಯ ಕಡೆ ತಿರುಗಿಕೊಂಡಳು.

"ಅಂದ್ರ ಮೂರ ವಾರ," ಎಂದರು ನರ್ಸಬಾಯಿ. "ಲೇ, ನನಗ ಇರೂದ ಎಷ್ಟ ವಾರ ಅಂತ ಗೊತ್ತೈತೇನ ನಿನಗ? ಆಕಿ ಹೊಟ್ಟಿ ದಿನಾ ಬೆಳ್ಯಾಕತ್ತೇತಿ, ನಾ ಇಲ್ಲಿ ಕಟ್ಟಿಗಿ ಬಿದ್ದಂಗ ಬಿದ್ದೇನಿ. ಬದಕಬೇಕು ಅಂತ ಬಿದ್ದೇನಿ. ನೀ ಬದಕಸ್ತಿ ಅಂತ ಬಿದ್ದೇನಿ."

ತಪ್ಪಾಯಿತು ಎನ್ನಲು ನಾನು ಬಾಯಿ ತೆರೆದೆ.

"ತಪ್ಪಾತು ಅನ್ನಬ್ಯಾಡ. ಅದನ್ನ ತಗೊಂಡ ನಾ ಏನ ಮಾಡ್ಲಿ?" ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ನರ್ಸಿನ ದನಿಯಲ್ಲಿ, "ಇನ್ನ ಕೊಟ್ಟರ ಉಪಯೋಗ ಐತೇನು? ಖರೇ ಹೇಳು," ಎಂದರು.

"ಇಲ್ರಿ."

"ಎಷ್ಟ ದಿನ?"

"ಅದು ನನಗ ಗೊತ್ತಿಲ್ರಿ. ಡಾಕ್ಟರ್‌ಗೂ ಗೊತ್ತಿಲ್ಲ."

"ನನಗ ಗೊತ್ತೈತಿ ಬಿಡು," ಎಂದು ಮಂಚದ ಕೆಳಗಿನ ಟ್ರಂಕಿಗೆ ಕೈ ಹಾಕಿದರು.

ಮರುದಿನ ಬೆಳಗ್ಗೆ ಡಾಕ್ಟರು ನನ್ನನ್ನು ಕರೆಸಿ, ಇನ್ನು ಮುಂದೆ ನಾನು ರೋಗಿಗಳೊಡನೆ ಅಳತೆಯ ಹೊರತು ಬೇರೆ ಮಾತಾಡಬಾರದೆಂದರು. ಸರಿ ಎಂದೆ. ಆದರೆ ಬಿಡುಗಡೆಯ ಚೀಟಿಗೆ ಸಹಿ ಹಾಕಿದರು. ನರ್ಸಬಾಯಿ ತಿಕೋಟಾದ ಬಸ್ಸು ಹತ್ತುವಾಗ ಅವರೇ ಹೋಗಿ ನೋವಿನ ಗುಳಿಗೆಯ ಪೊಟ್ಟಣ ಕೈಗಿಟ್ಟು ಬಂದರೆಂದು ಟೆಕ್ನಿಷಿಯನ್ ಹೇಳಿದ. ನಾನು ಹೋಗಲಿಲ್ಲ.

ನಾಲ್ಕು ವಾರದ ಮೇಲೆ ಒಂದು ಭಾನುವಾರ ತಿಕೋಟಾಕ್ಕೆ ಹೋದೆ. ಯಾರೂ ಕಳಿಸಿರಲಿಲ್ಲ. ಅಳಿಯನ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಕಣ್ಣು ಹಳದಿ, ಕೈಕಾಲು ಕಡ್ಡಿ, ಹೊಟ್ಟೆಯಲ್ಲಿ ನೀರು ತುಂಬಿತ್ತು. ಅದು ಗಡ್ಡೆಯಿಂದ ಬಂದದ್ದೋ ನಮ್ಮ ಕಿರಣದಿಂದ ಬಂದದ್ದೋ ಎಂದು ಮೊದಲು ನನ್ನ ತಲೆಗೆ ಬಂತು. ಎರಡೂ ಹೀಗೇ ಕಾಣುತ್ತವೆ, ಬರುವ ಕಾಲವೂ ಹೆಚ್ಚುಕಡಿಮೆ ಒಂದೇ. ಅದನ್ನು ಬೇರೆ ಮಾಡಿ ಹೇಳಲು ನಮ್ಮ ಬಳಿ ಏನೂ ಇರಲಿಲ್ಲ.

"ಬಾ ತಂಗಿ," ಎಂದರು. ಸಿಟ್ಟು ಇಳಿದಿತ್ತೋ, ಸಿಟ್ಟಾಗುವ ಶಕ್ತಿ ಇಳಿದಿತ್ತೋ. ಮಗಳು ಚಹಾ ತಂದಳು. ತುಂಬು ಬಸುರಿ, ತಾಯಿಯ ಹಾಗೆಯೇ ಸಣ್ಣ ಮೈ. ತಾಯಿಗೆ ಏನಾಗಿದೆಯೆಂದು ಅವಳಿಗೆ ತಾಯಿಯೇ ಹೇಳಿದ್ದರು.

ಅವಳು ಒಳಗೆ ಹೋದ ಮೇಲೆ ನರ್ಸಬಾಯಿ ದನಿ ತಗ್ಗಿಸಿದರು. "ಮುಂಜಾನೆ ಆಕಿ ಹೊಟ್ಟಿ ನೋಡಿದೆ. ಕೂಸು ಅಡ್ಡ ಮಲಗೇತಿ. ಹೋದ ವಾರ ನೆಟ್ಟಗಿತ್ತು. ತಿರುಗಸಾಕ ನೋಡಿದೆ, ನನ್ನ ಕೈಯಾಗ ಬಲ ಇಲ್ಲ. ಇಲ್ಲಿ ಬ್ಯಾನಿ ಚಾಲೂ ಆದ್ರ ಇಬ್ಬರೂ ಉಳಿಯೂದಿಲ್ಲ. ಇವತ್ತ ಕರಕೊಂಡ ಹೋಗು. ದೊಡ್ಡ ದವಾಖಾನಿಗೆ ಸೇರಸು. ಆಪರೇಶನ್ ಮಾಡ್ತಾರ."

"ನೀವೂ ಬರ್ರಿ."

"ನಾ ಬಂದ್ರ ಆಕಿ ನನ್ನ ನೋಡಕೊಂತ ಕುಂದರ್ತಾಳ. ನಾ ಒಲ್ಲೆ."

ಅಳಿಯ ಊರಿನವರೊಬ್ಬರ ಜೀಪು ಗೊತ್ತು ಮಾಡಿದ. ಮಗಳು ಹೊರಡಲು ಒಪ್ಪಲಿಲ್ಲ. ತಾಯಿಯ ಕೈ ಹಿಡಿದು, "ಯವ್ವಾ, ನೀ ಮಾಡ್ತೇನಿ ಅಂದಿದ್ದಿ ಬೇ," ಎಂದು ಅತ್ತಳು. ನರ್ಸಬಾಯಿ ಕೈ ಬಿಡಿಸಿಕೊಂಡು, "ಮಾಡಾಕತ್ತೇನಿ. ಇದ ಮಾಡೂದು. ಏಳು," ಎಂದು ಗದರಿದರು. ಜೀಪು ಹೊರಡುವಾಗ ಅವರು ಬಾಗಿಲಿಗೆ ಬರಲಿಲ್ಲ. ಪಡಸಾಲೆಯ ಕತ್ತಲಲ್ಲಿ ಕುಳಿತೇ ಇದ್ದರು.

ಮೂರನೆಯ ದಿನ ಆಪರೇಶನ್ ಆಯಿತು. ಹೆಣ್ಣು ಕೂಸು, ಚೆನ್ನಾಗಿತ್ತು. ಸುದ್ದಿಯನ್ನು ಅಳಿಯ ತಿಕೋಟಾಕ್ಕೆ ಒಯ್ದ. ನರ್ಸಬಾಯಿ ಕೇಳಿ, ತೂಕ ಎಷ್ಟು ಎಂದರಂತೆ. ಅವನು ಕೇಳಿಕೊಂಡು ಬಂದಿರಲಿಲ್ಲ. ಅದಕ್ಕೊಮ್ಮೆ ಬೈದರಂತೆ. ಹೊಲಿಗೆ ಬಿಚ್ಚದೆ ಬಾಣಂತಿಯನ್ನು ಕಳಿಸುವುದಿಲ್ಲ ಎಂದು ಆಸ್ಪತ್ರೆಯವರು ಹತ್ತು ದಿನ ಇರಿಸಿಕೊಂಡರು. ಆಪರೇಶನ್ ಆದ ಎಂಟನೆಯ ದಿನ ತಿಕೋಟಾದಲ್ಲಿ ನರ್ಸಬಾಯಿಗೆ ಮಂಪರು ಹತ್ತಿತು. ಒಂಬತ್ತನೆಯ ದಿನ ಬೆಳಗ್ಗೆ ತೀರಿಕೊಂಡರು. ಕೂಸನ್ನು ನೋಡಲಿಲ್ಲ.

ಟೆಕ್ನಿಷಿಯನ್ ಸಮಾಧಾನಕ್ಕೆಂದು ಹೇಳಿದ: ನಾವು ಕಿರಣ ನಿಲ್ಲಿಸಿ ಮನೆಗೆ ಕಳಿಸಿದ್ದರಿಂದಲ್ಲವೇ ಅವರು ಮಗಳ ಹತ್ತಿರ ಇದ್ದದ್ದು, ಇಲ್ಲದಿದ್ದರೆ ಕೂಸು ಅಡ್ಡ ಇದ್ದದ್ದು ಯಾರಿಗೆ ತಿಳಿಯುತ್ತಿತ್ತು ಎಂದು. ಡಾಕ್ಟರೂ ಒಂದು ದಿನ, ನೀವು ಆ ಮಸುಕನ್ನು ಮೊದಲೇ ತೋರಿಸಿದ್ದರೂ ಕೊನೆ ಇದೇ ಆಗುತ್ತಿತ್ತು ಎಂದರು. ಎರಡೂ ನಿಜವೇ ಇರಬಹುದು. ಆದರೆ ಮೊದಲೇ ತೋರಿಸಿದ್ದರೆ ಅವರು ಮೂರು ವಾರ ಮುಂಚೆ ತಿಕೋಟಾದಲ್ಲಿರುತ್ತಿದ್ದರು, ವಾಂತಿಯಿಲ್ಲದೆ, ಮಗಳ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. ಆ ವಾರಗಳನ್ನು ನಾನು ಯಾವ ಲೆಕ್ಕದಲ್ಲಿ ಸೇರಿಸಲಿ ಎಂದು ಯಾರೂ ಹೇಳಲಿಲ್ಲ.

ಎರಡು ತಿಂಗಳಾದ ಮೇಲೆ ಮಗಳು ಕೂಸನ್ನೆತ್ತಿಕೊಂಡು ಆಸ್ಪತ್ರೆಗೆ ಬಂದಳು. ತಾಯಿಯ ಕಾಗದಗಳು ಬೇಕಿದ್ದವು, ನೌಕರಿಯ ಕಚೇರಿಗೆ ಕೊಡಲಿಕ್ಕೆ. ಹುಡುಕಿ ಕೊಟ್ಟೆ. ಅವಳು ಹೋಗಲಿಲ್ಲ. ಬಾಗಿಲ ಬಳಿ ನಿಂತು ಕೇಳಿದಳು.

"ಬಾಯಾರ, ಒಂದ ಮಾತ ಕೇಳ್ಲೇನ್ರಿ? ಅವ್ವ ಇಲ್ಲೇ ಇದ್ದು ಪೂರಾ ತಗೊಂಡಿದ್ರ ಉಳೀತಿದ್ದಳೇನ್ರಿ? ನನ್ನ ಸಲುವಾಗಿ ಅರ್ಧಕ್ಕ ಬಿಟ್ಟ ಬಂದಳು ಅಂತ ಎಲ್ಲಾರೂ ಅಂತಾರ."

"ಇಲ್ಲ," ಎಂದೆ. "ಪೂರಾ ತಗೊಂಡಿದ್ರೂ ಉಳೀತಿದ್ದಿಲ್ಲ. ನಿನ್ನ ಸಲುವಾಗಿ ಬಿಟ್ಟಿದ್ದಲ್ಲ. ನಾವ ನಿಲ್ಲಿಸಿದ್ವಿ."

"ಖರೇನ್ರಿ?"

"ಖರೇ."

ಅದು ನಿಜವೇ ಆಗಿತ್ತು. ಒಂದು ಅಂಕಿಯನ್ನೂ ತಿದ್ದದೆ ಹೇಳಬಹುದಾದ ನಿಜ. ಅವಳಿಗೆ ಬೇಕಾಗಿದ್ದದ್ದು ಬೇರೆ ಉತ್ತರವೋ ಏನೋ. ತಾಯಿ ತನಗಾಗಿ ಏನೋ ಬಿಟ್ಟುಕೊಟ್ಟಳು ಎಂಬುದಾದರೂ ಅವಳ ಪಾಲಿಗೆ ಇತ್ತು, ನಾನು ಅದನ್ನೂ ತೆಗೆದುಕೊಂಡಿದ್ದೆ.

"ಹೂಂ," ಎಂದಳು. ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ಕಾಗದಗಳನ್ನು ಕಂಕುಳಲ್ಲಿ ಹಿಡಿದು ಹೊರಗೆ ಹೋದಳು. ಹೊರಗಿನ ಬೆಂಚಿನ ಮೇಲೆ ಮುಂದಿನ ರೋಗಿ ಕಾಯುತ್ತಿದ್ದ. ಟೆಕ್ನಿಷಿಯನ್ ಅವನ ಹೆಸರು ಕೂಗಿದ.